ಗೋಡೆಯ ಮೇಲಿನ ನಗೆ

ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆಯನ್ನು 1780ರ ಪೊಲ್ಲಿಲೂರು ಯುದ್ಧದ ಚಿತ್ರ ಆವರಿಸಿದೆ. ಗಾಯಗೊಂಡ ಇಂಗ್ಲಿಷ್ ದಳಪತಿ ಬೇಲಿ ಪಲ್ಲಕ್ಕಿಯಲ್ಲಿ ಅಸಹಾಯಕನಾಗಿ ಕುಳಿತಿದ್ದಾನೆ. ಟಿಪ್ಪುವಿನ ಮಿತ್ರರಾದ ಫ್ರೆಂಚರೂ ಅಲ್ಲಿದ್ದಾರೆ. ಒಂದೆಡೆ ತಡವಾಗಿ ಬಂದ ನಿಜಾಮನ ಸೈನ್ಯ, ಜೊತೆಗೆ ಒಂದು ಹಸು, ಒಂದು ಹಂದಿ. ಅವು ಆತನನ್ನು ಅಣಕಿಸಲೆಂದೇ ಅಲ್ಲಿವೆ ಎಂದು ಅರ್ಥ ಹೇಳುವ ವಾಡಿಕೆಯಿದೆ. ಅದನ್ನು ಕೇಳಿ ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ನಮ್ಮ ಕೋಡ್ಲಾ, ಸೇಡಂ ಸೀಮೆ 1948ರವರೆಗೂ ನಿಜಾಮರ ಆಳ್ವಿಕೆಯಲ್ಲಿತ್ತು. ಆ ಸೈನ್ಯದಲ್ಲಿ ನಮ್ಮ ಕಡೆಯ ಬಡ ಸಿಪಾಯಿಗಳೂ ಇದ್ದಿರಬಹುದಲ್ಲವೇ?

ಇದೇ ಅರಮನೆ ಕಟ್ಟಿದ 1784ರಲ್ಲೇ ಕೆನರಾದ ಕ್ರೈಸ್ತರು ಸೆರೆಯಾಳುಗಳಾಗಿ ಈ ಪಟ್ಟಣಕ್ಕೆ ನಡೆದು ಬಂದರು. ಅವರ ಚಿತ್ರ ಈ ಗೋಡೆಯಲ್ಲಿಲ್ಲ.

ಲಂಡನ್ನಿನಲ್ಲೂ ಇಂತಹ ನಗೆ ಅಚ್ಚಾಗುತ್ತಿತ್ತು. 1791ರಲ್ಲಿ ಮಳೆ, ಆಹಾರದ ಕೊರತೆ ಮತ್ತು ಎತ್ತುಗಳ ಸಾವಿನಿಂದ ಕಂಗೆಟ್ಟ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದಿಂದ ಹಿಂದೆ ಸರಿದನು. ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್‌ರೇ ತನ್ನದೇ ದೇಶದ ಆ ಸೇನಾನಿಯನ್ನು ಬಿಡಲಿಲ್ಲ. ಅವನ ಚಿತ್ರದಲ್ಲಿ ಕೋಟೆಯ ಮೇಲೆ ನಿಂತ ಟಿಪ್ಪು ಓಡುವವರ ಮೇಲೆ ಸುರಿಸುವ ‘ಮುಂಗಾರು’ ಎಂತಹುದೆಂದು ಈ ಪುಟದಲ್ಲಿ ಬರೆಯಲು ಸಂಕೋಚವಾಗುತ್ತದೆ! ಬಲಿಷ್ಠನನ್ನು ಕೆಣಕುವ ಇಂತಹ ನಗೆಗೆ ನನ್ನ ತಕರಾರಿಲ್ಲ.

ಅದೇ ಕೈ 1798ರ ಜೂನಿನಲ್ಲಿ ಐರ್ಲೆಂಡಿನ ಬಂಡಾಯಗಾರರನ್ನು ಚಿತ್ರಿಸಿತು. ಕ್ಯಾಥೊಲಿಕರನ್ನೂ ಪ್ರೊಟೆಸ್ಟೆಂಟರನ್ನೂ ಒಂದುಗೂಡಿಸಲು 1791ರಲ್ಲಿ ಬೆಲ್‌ಫಾಸ್ಟಿನಲ್ಲಿ ಹುಟ್ಟಿದ ‘ಯುನೈಟೆಡ್ ಐರಿಷ್‌ಮೆನ್’ ಸಂಘದವರು ಅವನ ಚಿತ್ರಗಳಲ್ಲಿ ಮೃಗಮುಖದ ಲೂಟಿಕೋರರು. ಕೊಲೆಗಳು ನಡೆದಿದ್ದವು, ನಿಜ. ಎರಡೂ ಕಡೆ ನಡೆದಿದ್ದವು. ಆದರೆ ಹೊಲ ಬಿಟ್ಟು ಭರ್ಜಿ ಹಿಡಿದವನ ಮುಖವನ್ನು ಮನುಷ್ಯನ ಮುಖವಾಗಿ ಬರೆಯಲು ಅವನಿಗೆ ಮನಸ್ಸಾಗಲಿಲ್ಲ. ಮುಖ ಕಳೆದುಕೊಂಡವನನ್ನು ಕೊಲ್ಲುವುದು ಎಷ್ಟು ಹಗುರ!

ಟಿಪ್ಪುವಿನಂತೆ ಅವರೂ ಫ್ರೆಂಚರನ್ನು ನಂಬಿದ್ದರು. ಆ ವರ್ಷ ಮಂಗಳೂರಿನಲ್ಲಿ ಇಳಿದ ಫ್ರೆಂಚರು ನೂರಕ್ಕೂ ಕಡಿಮೆ. ಆಗಸ್ಟಿನಲ್ಲಿ ಐರ್ಲೆಂಡಿನ ಕಿಲ್ಲಾಲಾಕ್ಕೆ ಜನರಲ್ ಹಂಬರ್ಟನೊಡನೆ ಬಂದವರು ಸಾವಿರದಷ್ಟು. ಅಲ್ಲಿ ರಾಜಪ್ರತಿನಿಧಿಯಾಗಿದ್ದವನು ಅದೇ ಕಾರ್ನ್‌ವಾಲಿಸ್. ಸೆಪ್ಟೆಂಬರ್ 8ರಂದು ಬ್ಯಾಲಿನಾಮಕ್‌ನಲ್ಲಿ ಶರಣಾದ ಫ್ರೆಂಚರನ್ನು ಯುದ್ಧಕೈದಿಗಳೆಂದು ಮರ್ಯಾದೆಯಿಂದ ನಡೆಸಿಕೊಂಡು ಅವರ ದೇಶಕ್ಕೆ ಕಳುಹಿಸಿದರು. ಅವರನ್ನು ನಂಬಿ ಬಂದ ಐರಿಷ್ ರೈತರನ್ನು ಬಯಲಲ್ಲೇ ಕಡಿದರು. ಸೆರೆಸಿಕ್ಕ ಹಲವರನ್ನು ನೇಣಿಗೇರಿಸಿದರು.