ಪಾರ್ವತಿನಗರದ ಅಂಬಾಸಿಡರ್, 11 ಕೆಜಿ ಗೇರು

ಈ ವಾರ ಮೆಣಸಿನಕಾಯಿ ಬಗ್ಗೆ ಬರೀತೀನಿ ಅಂದಿದ್ದೆ. ಅದು ಮುಂದಿನ ವಾರಕ್ಕೆ ಇರಲಿ. ನಾಲ್ಕು ದಿನದಿಂದ ಹೊಲದ ಕಡೆ ಮುಖ ಹಾಕಿಲ್ಲ. ಬಳ್ಳಾರಿ ಪಾರ್ವತಿನಗರದ ಮನೆಯಲ್ಲಿ ಅಪ್ಪನ ಅಂಬಾಸಿಡರ್ ಕೆಳಗೆ ಗೋಣಿಚೀಲ ಹಾಸಿಕೊಂಡು ಮಲಗಿದ್ದೆ. ಹಳೇ ಕಾರು, ಜೀಪು, ಟ್ರ್ಯಾಕ್ಟರ್ ಇಟ್ಟುಕೊಂಡವರಿಗೆ ಉಪಯೋಗ ಆಗಬಹುದು ಅಂತ ಬರೀತಿದೀನಿ. ಉದ್ದ ಇದೆ, ಪುರುಸೊತ್ತಿದ್ದಾಗ ಓದಿ.

ಕಾರು 1986ರ ಮಾಡಲ್ಲು, ಮಾರ್ಕ್ 4, ಪೆಟ್ರೋಲ್. ಹತ್ತಿಗೆ ಒಳ್ಳೇ ರೇಟು ಸಿಕ್ಕ ಒಂದು ವರ್ಷ ಅಪ್ಪ ಸೆಕೆಂಡ್ ಹ್ಯಾಂಡ್ ತಗೊಂಡರು. ಕುರುಗೋಡಿನ ಕಡೆಯಿಂದ ಬಳ್ಳಾರಿ ಎಪಿಎಂಸಿಗೆ ಡಿಕ್ಕಿಯಲ್ಲಿ ಮೆಣಸಿನಕಾಯಿ ಚೀಲ ತಂದಿದೆ, ಸಿರುಗುಪ್ಪದ ಮದುವೆಗಳಿಗೆ ಒಂಬತ್ತು ಜನರನ್ನ ಹೊತ್ತಿದೆ. ಇದರ ಗೇರು ಕೆಳಗಿಲ್ಲ, ಸ್ಟೇರಿಂಗ್ ಕಂಬದ ಪಕ್ಕದಲ್ಲೇ ಇದೆ. ಈಗಿನ ಹುಡುಗರು ಅದನ್ನ ನೋಡಿ ವೈಪರ್ ಸ್ವಿಚ್ಚಾ ಅಂತ ಕೇಳ್ತಾರೆ.

2024ರ ಆಗಸ್ಟಲ್ಲಿ ತುಂಗಭದ್ರೆಯ 19ನೇ ಗೇಟು ಕೊಚ್ಚಿಹೋಯ್ತಲ್ಲ, ಆ ವಾರ ಅಪ್ಪ ಡ್ಯಾಮು ನೋಡಿ ಬರ್ತೀನಿ ಅಂತ ಹೊರಟಿದ್ದರು. ಆ ನೀರು ನಂಬಿ ಐವತ್ತು ವರ್ಷ ಭತ್ತ ಬೆಳೆದವರು, ಮನೆಯಲ್ಲಿ ಕೂರೋಕಾಗಲಿಲ್ಲ. ಕಾರು ಸ್ಟಾರ್ಟ್ ಆಯ್ತು, ಗೇರು ಬೀಳಲಿಲ್ಲ. ಎರಡು ಮೂರು ಸಲ ನೋಡಿ ಇಳಿದು ಬಂದು ಕೀ ನನ್ನ ಕೈಗೆ ಕೊಟ್ಟರು. "ಕೈಯಾಗ ಬಲ ಇಲ್ಲಪ್ಪ, ವಯಸ್ಸಾತು" ಅಂದರು. ಆಗ ಅವರಿಗೆ 76. ಸುಳ್ಳು ಯಾಕೆ ಹೇಳ್ಲಿ, ನಮಗೆಲ್ಲ ಒಳಗೊಳಗೇ ಸಮಾಧಾನ ಆಯ್ತು. ಗಡಿಗಿ ಚನ್ನಪ್ಪ ಸರ್ಕಲ್ಲಿನ ಟ್ರಾಫಿಕ್ಕಲ್ಲಿ ಅವರು ಕಾರು ಓಡಿಸೋದು ನೆನೆಸಿಕೊಂಡೇ ನನ್ನ ಹೆಂಡತಿಗೆ ಹೆದರಿಕೆ. ಕಾರಿನ ಮೇಲೆ ತಾಡಪಾಲು ಬಿತ್ತು.

ಮೊನ್ನೆ ಗುಜರಿಯವನು ಕೇಳಿದ. ಮಾರಿಬಿಡೋಣ ಅಂತ ನಾನೇ ಅಂದೆ. ಅಪ್ಪ ಏನೂ ಅನ್ನಲಿಲ್ಲ. ಕಾಂಪೌಂಡಿನಿಂದ ಆಚೆ ತೆಗೆಯೋಣ ಅಂತ ಟ್ರ್ಯಾಕ್ಟರ್ ಬ್ಯಾಟರಿ ಕಟ್ಟಿ, ಹಳೇ ಪೆಟ್ರೋಲ್ ಚೆಲ್ಲಿ ಹೊಸದು ಹಾಕಿ ಸ್ಟಾರ್ಟ್ ಮಾಡಿದೆ. ಗೇರು ಹಾಕೋಕೆ ಹೋದರೆ, 45 ಕೆಜಿ ಯೂರಿಯಾ ಚೀಲ ಹೆಗಲಿಗೆ ಏರಿಸೋ ನನಗೇ ಎರಡು ಕೈ ಬೇಕಾಯ್ತು.

ಅಲ್ಲೇ ಸ್ವಲ್ಪ ಹೊತ್ತು ಕೂತೆ. ಆಮೇಲೆ ಗುಜರಿಯವನಿಗೆ ನಾಳೆ ಬಾ ಅಂದೆ.

ಊರಿನ ಒಬ್ಬ ಮೆಕ್ಯಾನಿಕ್ ಬಂದು ಲಿವರ್ ಒಂದ್ಸಲ ಎಳೆದು, "ಬಾಕ್ಸ್ ಇಳಿಸಬೇಕು, 25 ಸಾವಿರ" ಅಂದ. ಕೆಳಗೆ ಬಗ್ಗಿ ಕೂಡ ನೋಡಲಿಲ್ಲ. ಅವನನ್ನೂ ಅನ್ನೋಹಾಗಿಲ್ಲ, ಸ್ಟೇರಿಂಗ್ ಗೇರು ಬಿಚ್ಚಿದ ಕೈಗಳು ಈಗ ಎಷ್ಟು ಉಳಿದಿವೆ? ನಾನೇ ನೋಡೋಣ ಅಂತ ಶುರು ಮಾಡಿದೆ.

ಗೇರು ಬಿಗಿ ಅಂದ್ರೆ ರೋಗ ಮೂರು ಕಡೆ ಇರಬಹುದು: ಕ್ಲಚ್ಚು, ಗೇರ್ ಬಾಕ್ಸು, ಇವೆರಡೂ ಅಲ್ಲದೆ ನಮ್ಮ ಕೈಯಿಂದ ಬಾಕ್ಸಿನ ತನಕ ಇರೋ ಕಂಬ, ರಾಡು, ಪಿನ್ನು. ಕ್ಲಚ್ಚಿನದು ಗೊತ್ತುಮಾಡೋದು ಸುಲಭ. ಎಂಜಿನ್ ಆಫ್ ಇದ್ದಾಗ ಗೇರು ಸಲೀಸು, ಆನ್ ಮಾಡಿದ್ರೆ ಬಿಗಿ ಅಂದ್ರೆ ಕ್ಲಚ್ ಪೂರ್ತಿ ಬಿಡ್ತಿಲ್ಲ. ಈ ಕಾರಲ್ಲಿ ಒಂದನೇ ಗೇರಿಗೂ ರಿವರ್ಸಿಗೂ ಸಿಂಕ್ರೋ ಇಲ್ಲ, ಹಾಗಾಗಿ ಕ್ಲಚ್ ಹಿಡೀತಿದ್ರೆ ರಿವರ್ಸ್ ಹಾಕುವಾಗ ಕರಕರ ಅನ್ನಲೇಬೇಕು. ನನ್ನದು ಆನ್ ಇದ್ರೂ ಆಫ್ ಇದ್ರೂ ಒಂದೇ ಬಿಗಿ, ಶಬ್ದ ಇಲ್ಲ. ಕ್ಲಚ್ ಸರಿ ಇದೆ.

ಆಮೇಲೆ ಒಂದು ಹುಚ್ಚು ಕೆಲಸ ಮಾಡಿದೆ. ಹತ್ತಿ ತೂಗೋ ಸ್ಪ್ರಿಂಗ್ ತಕ್ಕಡಿ ಇತ್ತು. ಅದರ ಕೊಕ್ಕೆಯನ್ನ ಗೇರ್ ಲಿವರಿನ ತುದಿಗೆ ಸಿಗಿಸಿ ಮೆಲ್ಲಗೆ ಎಳೆದೆ. 11 ಕೆಜಿಗೆ ಗೇರು ಬಿತ್ತು. ಬಾಕ್ಸಿನ ಎಣ್ಣೆ ದಪ್ಪ ಇದ್ರೆ ತಣ್ಣಗಿದ್ದಾಗ ಬಿಗಿ ಇದ್ದು ಬಿಸಿ ಆದಮೇಲೆ ಸಡಿಲ ಆಗಬೇಕು. ಎಂಜಿನ್ ಓಡಿಸಿ, ಕಾಂಪೌಂಡಲ್ಲಿ ಹಿಂದೆ ಮುಂದೆ ಆಡಿಸಿ ಮತ್ತೆ ತೂಗಿದೆ. ಅದೇ 11.

ಕೆಳಗೆ ಹೋಗಿ ಬಾಕ್ಸಿನ ಕಡೆ ಸ್ಪ್ಲಿಟ್ ಪಿನ್ ತೆಗೆದು ರಾಡುಗಳನ್ನ ಬಿಡಿಸಿದೆ. ಒಂದು ರಾಡು ಯಾವ ಸಾಲು ಅಂತ ಆರಿಸೋದು, ಇನ್ನೊಂದು ಹಾಕೋದು. ಬಾಕ್ಸಿನ ಮೇಲಿನ ಲಿವರನ್ನ ಬೆರಳಲ್ಲಿ ತಳ್ಳಿದೆ, ಟಕ್ ಅಂತ ಬಿತ್ತು. ಮೇಲೆ ಬಂದು ಬರೀ ಕಂಬವನ್ನ ತೂಗಿದೆ: 8 ಕೆಜಿ. ಏನೂ ಕಟ್ಟಿಲ್ಲದ ಬರೀ ಕಂಬಕ್ಕೆ 8 ಕೆಜಿ! ಬಾಕ್ಸ್ ಇಳಿಸಿದ್ರೆ 25 ಸಾವಿರ ಹೋಗ್ತಿತ್ತು, ಬಿಗಿ ಹಾಗೇ ಇರ್ತಿತ್ತು.

ಕಂಬದ ಶಾಫ್ಟು ಬಿಚ್ಚಿದಾಗ ಕಳ್ಳ ಸಿಕ್ಕ. ಕಳ್ಳ ನಾನೇ. ಪ್ರತಿ ಆಯುಧ ಪೂಜೆಗೆ ಟ್ರ್ಯಾಕ್ಟರಿಗೆ ಹಚ್ಚಿ ಉಳಿದ ಚಾಸಿ ಗ್ರೀಸನ್ನ ಈ ಕಾರಿನ ಕೀಲುಗಳಿಗೂ ಮೆತ್ತುತ್ತಿದ್ದೆ. ಹಳೇದನ್ನ ಒರೆಸದೆ ಅದರ ಮೇಲೇ ಹೊಸದು. ಗ್ರೀಸ್ ಅಂದ್ರೆ ಎಣ್ಣೆ ಹಿಡಿದಿಟ್ಟ ಒಂಥರಾ ಸಾಬೂನು. ನಮ್ಮ ಬಿಸಿಲಿಗೆ ಎಣ್ಣೆ ಬಿಟ್ಟುಹೋಗುತ್ತೆ, ಸಾಬೂನು ಉಳಿಯುತ್ತೆ. ಅದಕ್ಕೆ ಎರೆಮಣ್ಣಿನ ಧೂಳು, ಭತ್ತದ ಹೊಟ್ಟು ಸೇರಿದ್ರೆ ಒಣಗಿದ ಗಾರೆ. ಉಗುರಲ್ಲಿ ಕೆರೆದರೆ ಚಕ್ಕೆ ಚಕ್ಕೆ ಏಳ್ತಿತ್ತು. ಕೆಳಗಿನ ಬುಷ್ಷು ಸೀಳಿ ಶಾಫ್ಟನ್ನ ಕಚ್ಚಿ ಹಿಡಿದಿತ್ತು.

ಸೀಮೆಎಣ್ಣೆ ಸಿಗಲಿಲ್ಲ, ಡೀಸೆಲ್ಲಲ್ಲಿ ರಾತ್ರಿಯೆಲ್ಲ ನೆನೆಸಿ, ಸಣ್ಣ ಎಮರಿ ಕಾಗದದಲ್ಲಿ ಉಜ್ಜಿದೆ. ಬುಷ್ಷು ಅಂಗಡಿಯಲ್ಲಿ ಸಿಗಲ್ಲ, ಲೇತಲ್ಲಿ ನೈಲಾನ್ ರಾಡು ಕಡೆಸಿದೆ, 300 ರೂಪಾಯಿ. ಇಲ್ಲಿ ಒಂದು ದಿನ ಹಾಳು ಮಾಡಿಕೊಂಡೆ. ಆಡಬಾರದು ಅಂತ ಗಟ್ಟಿಯಾಗಿ ಕೂರೋಹಾಗೆ ಅಳತೆ ಕೊಟ್ಟಿದ್ದೆ. ಬೆಳಿಗ್ಗೆ ಚೆನ್ನಾಗಿತ್ತು, ಮಧ್ಯಾಹ್ನ ಬಾನೆಟ್ ಕಾದಮೇಲೆ ಮೊದಲಿಗಿಂತ ಬಿಗಿ. ನೈಲಾನ್ ಬಿಸಿಗೆ ಹಿಗ್ಗುತ್ತೆ, ಕೂದಲೆಳೆ ಜಾಗ ಬಿಡಲೇಬೇಕು. ಮತ್ತೆ ಬಿಚ್ಚಿ, ಒಳಗಡೆ ತೆಳ್ಳಗೆ ಉಜ್ಜಿಸಿದೆ. ಇನ್ನೊಂದು: ರಾಡು ಬಿಚ್ಚೋ ಮುಂಚೆ ಥ್ರೆಡ್ಡಿನ ಮೇಲೆ ಬಿಳಿ ಪೇಂಟಲ್ಲಿ ಗುರುತು ಹಾಕಿ. ನಾನು ಒಂದು ರಾಡಿಗೆ ಹಾಕಿ ಇನ್ನೊಂದಕ್ಕೆ ಮರೆತೆ. ಉದ್ದ ಎರಡು ಸುತ್ತು ತಪ್ಪಿ ಎರಡನೇ ಗೇರು ಅರ್ಧ ಬಿದ್ದು ಆಚೆ ಬರ್ತಿತ್ತು. ಅದನ್ನ ಸರಿಮಾಡೋಕೆ ಸಂಜೆ ಆಯ್ತು.

ಎಲ್ಲ ಕೂಡಿಸಿ ತೂಗಿದಾಗ ತಕ್ಕಡಿ 4ರಲ್ಲಿ ನಿಂತಿತು.

ಈ ನಾಲ್ಕೂ ದಿನ ಅಪ್ಪ ಕುರ್ಚಿ ಹಾಕಿಕೊಂಡು ಪಕ್ಕದಲ್ಲೇ ಕೂತಿದ್ದರು, ಕೇಳಿದ ಸ್ಪ್ಯಾನರ್ ಕೊಡ್ತಾ. ತಕ್ಕಡಿ ಅವರ ಕೈಗೆ ಕೊಟ್ಟೆ. ಮೊದಲು 11 ಇತ್ತು ಅಂದೆ. ಮುಳ್ಳನ್ನೇ ನೋಡ್ತಾ ಕೂತರು. ಆಮೇಲೆ "ಆವಾಗ ಯಾಕ ತೂಗಲಿಲ್ಲ?" ಅಂದರು. ಕೋಪದಿಂದೇನಲ್ಲ, ಸುಮ್ಮನೆ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇಷ್ಟು ದಿನ ಅವರು ಬಾವಿಯ ಹಗ್ಗ ಮುಟ್ಟಿಲ್ಲ, ಮೊಮ್ಮಗನನ್ನ ಎತ್ತಿಕೊಂಡಿಲ್ಲ, ಎಲ್ಲಿ ಜಾರಿಸಿಬಿಡ್ತೀನೋ ಅಂತ.

ಮಾರನೇ ಬೆಳಿಗ್ಗೆ ಕಾಂಪೌಂಡ್ ಒಳಗೇ ಸ್ಟೇರಿಂಗಿಗೆ ಕೂತರು. ಲೈಸೆನ್ಸ್ ಮುಗಿದಿದೆ, ರೋಡಿಗಿಳಿಸೋದು ಆಮೇಲಿನ ಮಾತು. ನಾನು ಪಕ್ಕದಲ್ಲಿ ಕೂತೆ. ಒಂದನೇ ಗೇರು ಹಾಕಿದರು, ಗೇಟಿನ ತನಕ ಹೋದರು, ನಿಲ್ಲಿಸಿದರು, ರಿವರ್ಸ್ ಹಾಕಿ ವಾಪಸ್ ಬಂದರು. ಹೀಗೆ ಎಂಟು ಸಲ. ಹೆಂಡತಿ ತುಳಸಿಕಟ್ಟೆ ಪಕ್ಕ ಜೀವ ಕೈಯಲ್ಲಿ ಹಿಡಿದು ನಿಂತಿದ್ದಳು. ಗುಜರಿಯವನು ಬಂದಿದ್ದ, ಟೀ ಕುಡಿಸಿ ಕಳಿಸಿದೆವು.

ರಿವರ್ಸಿಗೆ ಹೋಗುವಾಗ ಇನ್ನೂ ಸ್ವಲ್ಪ ತಡೆಯುತ್ತೆ ಅಂತ ಅಪ್ಪನ ಕಂಪ್ಲೇಂಟು. ಮೇಲಿನ ಬುಷ್ಷನ್ನೂ ಬದಲಿಸಬೇಕು ಅನ್ನಿಸ್ತಿದೆ, ಭಾನುವಾರ ಮತ್ತೆ ಗೋಣಿಚೀಲ ಹಾಸ್ತೀನಿ. ಸಿರುಗುಪ್ಪ, ಕುರುಗೋಡು ಕಡೆ ಯಾರದಾದ್ರೂ ಹಿತ್ತಲಲ್ಲಿ ಹಳೇ ಅಂಬಾಸಿಡರ್ ಕಂಬ ಬಿದ್ದಿದ್ರೆ ತಿಳಿಸಿ, ಬಂದು ತಗೊಂಡು ಹೋಗ್ತೀನಿ.