ಹಳೆಯ ಕಾರಿನ ಹಲ್ಲು

ಕಗ್ಗುಂಡಿಯಲ್ಲಿಯೂ ಕಟ್ಟೆಮಳಲವಾಡಿಯಲ್ಲಿಯೂ ಹೊಗೆಸೊಪ್ಪಿನ ಹರಾಜು ನಡೆದು, ಬೇಲುಗಳ ಹಣ ಬ್ಯಾಂಕಿಗೆ ಬಂದು, ಗೊಬ್ಬರದ ಸಾಲವೂ ಬ್ಯಾರನ್ನಿನ ಸೌದೆಯ ಬಾಕಿಯೂ ತೀರಿದ ಮೇಲೆ ಏನಾದರೂ ಉಳಿದ ಪಕ್ಷದಲ್ಲಿ, ನಮ್ಮ ಹುಣಸೂರು ಪಿರಿಯಾಪಟ್ಟಣಗಳ ಸೀಮೆಯ ಗೃಹಸ್ಥನ ಮನೆಯಲ್ಲಿ ತಲೆಯೆತ್ತುವ ಪ್ರಸ್ತಾಪ ಕಾರಿನದು. ಕೊಳ್ಳಬೇಕೆಂಬುದನ್ನು ಹೆಂಡತಿ ಮಕ್ಕಳು ಆಗಲೇ ತೀರ್ಮಾನಿಸಿರುತ್ತಾರೆ. ಹೊಸದೋ, ಸೆಕೆಂಡ್ ಹ್ಯಾಂಡೋ ಎಂಬ ಜಿಜ್ಞಾಸೆಯೊಂದನ್ನು ಮಾತ್ರ ಕೃಪೆಯಿಟ್ಟು ಯಜಮಾನನಿಗೆ ಬಿಟ್ಟಿರುತ್ತಾರೆ.

ಹೊಸ ಕಾರಿನ ಮಹಿಮೆಯನ್ನು ನಾನು ಅಲ್ಲಗಳೆಯುವವನಲ್ಲ. ಕೊರಳಿಗೆ ಹಾರ, ಚಕ್ರದಡಿಗೆ ನಿಂಬೆಹಣ್ಣು, ನೆರೆಹೊರೆಯವರ ಕಣ್ಣಿನಲ್ಲಿ ಒಂದಿಷ್ಟು ಮಾತ್ಸರ್ಯ: ಇವಕ್ಕೂ ಬೆಲೆಯುಂಟು. ಅದು ದುಬಾರಿಯ ಬೆಲೆಯೆಂಬುದನ್ನು ವಿಮೆಯವರ ಕೋಷ್ಟಕವೇ ಸಾರುತ್ತದೆ. ವರ್ಷ ತುಂಬುವ ಮೊದಲೇ ವಾಹನದ ಮೌಲ್ಯದಲ್ಲಿ ಶೇಕಡಾ 15ರಷ್ಟನ್ನು ಕಳೆಯುವ ಆ ನಿರ್ದಯ ಗಣಿತ, ಐದನೆಯ ವರ್ಷದಲ್ಲಿ ಅದನ್ನು ಅರ್ಧಕ್ಕೆ ತಂದು ನಿಲ್ಲಿಸುತ್ತದೆ. 2025ರ ಸೆಪ್ಟೆಂಬರಿನಲ್ಲಿ ಚಿಕ್ಕ ಕಾರುಗಳ ಮೇಲಿನ ಜಿ.ಎಸ್.ಟಿ. ಶೇಕಡಾ 18ಕ್ಕೆ ಇಳಿಯಿತಲ್ಲ ಎನ್ನುವಿರಾದರೆ, ಹೊಸದರ ಬೆಲೆ ತಗ್ಗಿದಾಗ ಹಳೆಯದನ್ನು ಮಾರುವವನೂ ತಗ್ಗಲೇಬೇಕಷ್ಟೆ.

ಸಂಕ್ರಾಂತಿಯ ಸುಮಾರಿಗೆ ಚುಂಚನಕಟ್ಟೆಯ ದನಗಳ ಜಾತ್ರೆಯಲ್ಲಿ ಜೋಡಿಯೆತ್ತು ಕೊಳ್ಳುವ ರೈತ, "ಇದು ಹೊಸದೇ?" ಎಂದು ಎಂದಿಗೂ ವಿಚಾರಿಸುವುದಿಲ್ಲ. ಬಾಯಿ ಬಿಡಿಸಿ ಹಲ್ಲೆಣಿಸುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಕಡೆಗೆ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಾನೆ. ಕಾರಿಗೂ ಹಲ್ಲುಗಳುಂಟು. ಮೀಟರನ್ನು ಹಿಂದಕ್ಕೆ ತಿರುಗಿಸುವ ಕೈಚಳಕದವರು ಇರುವುದರಿಂದ ಅದರ ಮಾತನ್ನು ನಂಬಲಾಗದು. ಮೂವತ್ತು ಸಾವಿರ ಕಿಲೋಮೀಟರೆಂದು ಅದು ವಿನಯದಿಂದ ನುಡಿಯುತ್ತಿರುವಾಗ, ಕ್ಲಚ್ ಪೆಡಲಿನ ರಬ್ಬರು ಗೆರೆಗಳನ್ನೆಲ್ಲ ಕಳೆದುಕೊಂಡು ನುಣ್ಣಗಾಗಿದ್ದರೆ, ಸತ್ಯ ನುಡಿಯುತ್ತಿರುವುದು ರಬ್ಬರೇ. ಟೈರಿನ ಪಕ್ಕೆಯಲ್ಲಿ 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ಹುಟ್ಟಿದ್ದು. ಬಾಗಿಲ ಅಂಚಿನ ರಬ್ಬರು ಪಟ್ಟಿಯನ್ನು ಎಳೆದು ನೋಡಿದರೆ, ಸಾಲಾಗಿ ಗುಂಡಗೆ ಬಿದ್ದಿರುವ ಕಾರ್ಖಾನೆಯ ಬೆಸುಗೆ ಗುರುತುಗಳು ಎಲ್ಲಿಯಾದರೂ ಕದಡಿದ್ದಲ್ಲಿ, ಒಡೆಯ ಮರೆಮಾಚಿದ ಅಪಘಾತದ ಕಥೆ ತಾನಾಗಿ ಹೊರಬೀಳುತ್ತದೆ.

ಇಷ್ಟಾದರೂ ಹೊಸದೇ ಲೇಸೆನ್ನಿಸುವ ಸಂದರ್ಭವೊಂದುಂಟು. ಹೆಗ್ಗಡದೇವನಕೋಟೆಯಿಂದ ಕಾಕನಕೋಟೆಯ ಅರಣ್ಯವನ್ನು ಹಾದು, ಸಂಜೆ 6ಕ್ಕೆ ಗೇಟು ಬೀಳುವುದರೊಳಗೆ ಬಾವಲಿಯನ್ನು ಮುಟ್ಟಬೇಕಾದವನ ಗಾಡಿ ನಡುಗಾಡಿನಲ್ಲಿ ಕೆಟ್ಟು ನಿಂತರೆ, ಬಾನೆಟ್ಟು ಎತ್ತುವುದಕ್ಕೂ ಇಳಿಯುವಂತಿಲ್ಲ; ಆನೆಗೆ ನಮ್ಮ ಮಿತವ್ಯಯದ ತತ್ತ್ವಗಳು ತಿಳಿಯವು. ನಿತ್ಯವೂ ಆ ದಾರಿ ತುಳಿಯುವವರು ಸಾಲ ಮಾಡಿಯಾದರೂ ಹೊಸದನ್ನೇ ಕೊಳ್ಳಲಿ.

ಕೃಷ್ಣರಾಜನಗರದ ನಂಟರ ಮನೆಗೂ ಸಂತೆಗೂ ಆಸ್ಪತ್ರೆಗೂ ಓಡಾಡುವ ನನ್ನಂಥವರಿಗೆ ಅಪರಿಚಿತ ದಲ್ಲಾಳಿಯ ಅಂಗಡಿಯ ಥಳಕಿನ ಕಾರಿಗಿಂತ, ಊರೇ ಬಲ್ಲ ನಿವೃತ್ತ ಮೇಷ್ಟ್ರೊಬ್ಬರು ಮರದ ನೆರಳಲ್ಲಿ ನಿಲ್ಲಿಸಿ, ವಾರಕ್ಕೊಮ್ಮೆ ಒರೆಸಿ, ಸರ್ವೀಸಿನ ಚೀಟಿಗಳನ್ನು ದಾರದಲ್ಲಿ ಪೋಣಿಸಿಟ್ಟಿರುವ ಐದು ವರ್ಷದ ಕಾರೇ ಮೇಲು. 29 ಮತ್ತು 30ನೆಯ ನಮೂನೆಗಳಿಗೆ ರುಜು ಹಾಕಿಸಬೇಕು, ಸಾಲವಿದ್ದರೆ ಬ್ಯಾಂಕಿನಿಂದ 35ನೆಯದನ್ನೂ ತರಿಸಬೇಕು, ಹುಣಸೂರಿನ ಆರ್.ಟಿ.ಓ. ಕಚೇರಿಯಲ್ಲಿ ಆರ್.ಸಿ.ಗೆ ಹೆಸರು ಬದಲಾಗಬೇಕು. ಸರ್ಕಾರದ ದಫ್ತರದಲ್ಲಿ ಅದು ನಮ್ಮದಾಗುತ್ತದೆ. ಊರಿನ ಜಗಲಿಯವರು ಮಾತ್ರ, ನಾವೇ ಸ್ಟಿಯರಿಂಗ್ ಹಿಡಿದು ಬರುತ್ತಿದ್ದರೂ, "ಮೇಷ್ಟ್ರು ಕಾರು ಬತ್ತಾ ಅದೆ ಕಣ್ಲಾ" ಎಂದೇ ದಾರಿ ಬಿಡುತ್ತಾರೆ.