ಕಲ್ಲತ್ತಿಗಿರಿಗೆ ಹೋದ ದಿನ

ಪ್ರವಾಸವೆಂದರೆ ನಮ್ಮಂಥ ಗೃಹಿಣಿಯರಿಗೆ ಏನು ಹೇಳಿ? ತವರಿನ ಕಡೆ ಮದುವೆ, ಮನೆದೇವರ ಜಾತ್ರೆ, ಹತ್ತಿರದವರು ಯಾರಾದರೂ ಆಸ್ಪತ್ರೆ ಸೇರಿದರೆ ತುಮಕೂರೋ ಬೆಂಗಳೂರೋ, ಅಷ್ಟೇ ತಾನೆ? ನಲವತ್ತಾರು ತುಂಬಿದ ನಾನು ‘ಸುಮ್ಮನೆ ಹೋಗಿ ನೋಡಿಕೊಂಡು ಬರೋಣ’ ಎಂದು ಹೊರಟಿದ್ದು ಹೋದ ಕಾರ್ತಿಕದಲ್ಲೇ ಮೊದಲು. ಆ ಒಂದು ದಿನದ ಕಥೆಯನ್ನು ನಿಮಗೆ ಹೇಳಬೇಕೆಂದಿದ್ದೇನೆ. ಜಲಪಾತದ ಸೊಗಸಿಗಾಗಿ ಮಾತ್ರವಲ್ಲ. ಅಲ್ಲಿ ನಡೆದ ಒಂದು ಪ್ರಸಂಗವನ್ನು ಮನೆಯಲ್ಲಿ ಮುಚ್ಚಿಡಲು ನಾನು ಒಪ್ಪಿಬಿಟ್ಟಿದ್ದೆ. ಆ ತಪ್ಪು ನಿಮ್ಮಿಂದ ಆಗದಿರಲಿ ಎಂಬುದಕ್ಕಾಗಿಯೂ ಹೇಳುತ್ತಿದ್ದೇನೆ.

ನಮ್ಮದು ತಿಪಟೂರು ತಾಲ್ಲೂಕಿನ ಹೊನ್ನವಳ್ಳಿ. ಎತ್ತ ಕಣ್ಣು ಹಾಯಿಸಿದರೂ ತೆಂಗಿನ ತೋಟ. ನೀರು ಧುಮುಕುವುದನ್ನು ನಾವು ಕಂಡಿದ್ದರೆ ಅದು ಕೊಳವೆಬಾವಿಯ ಪೈಪಿನಲ್ಲಿ, ಅದೂ ಕರೆಂಟ್ ಇದ್ದಾಗ! ಒಂದು ಮಧ್ಯಾಹ್ನ ಅಟ್ಟದಿಂದ ಕೊಬ್ಬರಿ ಇಳಿಸುತ್ತಿದ್ದಾಗ ನನ್ನ ಓರಗಿತ್ತಿ ನಗುತ್ತಾ ಅಂದಳು: “ಅಕ್ಕಾ, ಈ ಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಕೂತು ಒಣಗಿ ಕೊಬ್ಬರಿ ಆಗ್ತವೆ. ನಾವು ಅಡುಗೆಮನೇಲಿ ಕೂತು ಎಷ್ಟು ವರ್ಷ ಒಣಗೋದು?” ತಮಾಷೆಗೆ ಅಂದ ಮಾತೇ. ಆದರೆ ನನಗೆ ನಾಟಿತು.

ಪಕ್ಕದ ಮನೆಯ ನಿವೃತ್ತ ಟೀಚರಮ್ಮ ಕಲ್ಲತ್ತಿಗಿರಿಯ ಹೆಸರು ಹೇಳಿದರು. ತರೀಕೆರೆ ತಾಲ್ಲೂಕು, ಕೆಮ್ಮಣ್ಣುಗುಂಡಿಗೆ ಹೋಗುವ ದಾರಿ. ಚಂದ್ರದ್ರೋಣ ಪರ್ವತದ ಮೇಲಿನಿಂದ 122 ಮೀಟರ್ ಎತ್ತರದ ಜಲಪಾತ, ಬುಡದಲ್ಲಿ ವೀರಭದ್ರಸ್ವಾಮಿ ದೇವಸ್ಥಾನ. ಈ ದೇವಸ್ಥಾನವೇ ನಮಗೆ ಅನುಕೂಲವಾಯಿತೆನ್ನಿ. ಬರೀ ಜಲಪಾತ ಅಂದಿದ್ದರೆ ನಮ್ಮತ್ತೆ “ನೀರು ನೋಡೋಕೆ ಅಷ್ಟು ದೂರ ಯಾಕ್ರಮ್ಮಾ?” ಅನ್ನುತ್ತಿದ್ದರು. ಕಾರ್ತಿಕ ಮಾಸ, ವೀರಭದ್ರಸ್ವಾಮಿ ಅಂದ ಕೂಡಲೇ “ಹೋಗಿಬನ್ನಿ, ಹುಷಾರು” ಅಂದರು.

ನಾನು, ಓರಗಿತ್ತಿ, ಟೀಚರಮ್ಮ, ಕಾಲೇಜು ಓದುವ ನನ್ನ ತಂಗಿಯ ಮಗಳು, ಹೀಗೆ ನಾಲ್ವರು. ಬೆಳಗಿನ ಜಾವ ಎದ್ದು ರಾಗಿರೊಟ್ಟಿ ತಟ್ಟಿ, ಹುಚ್ಚೆಳ್ಳು ಪುಡಿ, ಕೊಬ್ಬರಿ ಚಟ್ನಿ, ಚಿತ್ರಾನ್ನ ಕಟ್ಟಿಕೊಂಡೆವು. ಮೊದಲ ಬಸ್ಸಿಗೆ ತಿಪಟೂರು. ಅಲ್ಲಿಂದ ಶಿವಮೊಗ್ಗದ ಬಸ್ ಹತ್ತಿ ಅರಸೀಕೆರೆ, ಕಡೂರು ದಾಟಿ ಬೀರೂರಿನಲ್ಲಿ ಇಳಿದೆವು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ ಹಣವಿಲ್ಲವಲ್ಲ, ಆಧಾರ್ ಕಾರ್ಡ್ ಒಂದು ಕೈಚೀಲದಲ್ಲಿದ್ದರೆ ಸಾಕು. ಬೀರೂರಿನಿಂದ ಲಿಂಗದಹಳ್ಳಿಗೆ ಬಸ್, ಅಲ್ಲಿಂದ ನಾಲ್ವರೂ ಸೇರಿ ಆಟೋ. ಲಿಂಗದಹಳ್ಳಿ ದಾಟುತ್ತಿದ್ದಂತೆ ತೆಂಗು ಅಡಕೆ ಎಲ್ಲಾ ಹಿಂದಾಗಿ ಬೆಟ್ಟ ಎದುರಿಗೇ ಬಂದು ನಿಂತಂತೆ ಆಯಿತು. ಗಾಳಿಯೇ ಬೇರೆ.

ಕಲ್ಲತ್ತಿಗಿರಿಯಲ್ಲಿ ನೀರು ಒಂದೇ ಏಟಿಗೆ ಬೀಳುವುದಿಲ್ಲ. ಬಂಡೆಯಿಂದ ಬಂಡೆಗೆ ಹರಡಿಕೊಂಡು, ಇಳಿದು, ದೇವಸ್ಥಾನದ ಮುಂದೆಯೇ ಹರಿದುಹೋಗುತ್ತದೆ. ದೇವಸ್ಥಾನ ವಿಜಯನಗರದ ಕಾಲದ್ದೆಂದು ಹೇಳುತ್ತಾರೆ. ತಲೆಯ ಮೇಲೆ ನೀರು ಹಿಡಿಸಿಕೊಂಡು ನಿಂತಾಗ ನನಗೆ ಏನನ್ನಿಸಿತು ಗೊತ್ತೆ? ಇಷ್ಟು ನೀರು ಯಾರ ಅಪ್ಪಣೆಯೂ ಇಲ್ಲದೆ ಹಗಲೂ ರಾತ್ರಿ ಹರಿಯುತ್ತದಲ್ಲಾ, ನಮ್ಮ ತೋಟಕ್ಕೆ ಒಂದು ಬಿಂದಿಗೆಯಾದರೂ ಹೊತ್ತುಕೊಂಡು ಹೋಗೋಣವೇ ಅಂತ! ಎಲ್ಲಿ ಹೋದರೂ ಮನೆಯ ಲೆಕ್ಕ ಬಿಡುವುದಿಲ್ಲ ನೋಡಿ.

ಮೇಲಿನ ಧಾರೆ ನೋಡಬೇಕಾದರೆ ಹಳ್ಳದ ಪಕ್ಕದಲ್ಲಿ ಬಂಡೆ ಹತ್ತಿಕೊಂಡು ಹೋಗಬೇಕು. ದಾರಿ ಅಂದರೆ ದಾರಿಯಲ್ಲ, ಹತ್ತಿದವರ ಹೆಜ್ಜೆ ಗುರುತು ಅಷ್ಟೆ. ಒಂದು ಕಡೆ ಮರ ಅಡ್ಡಬಿದ್ದು ಬಗ್ಗಿ ನುಸುಳಬೇಕಾಯಿತು. ಇನ್ನೊಂದು ಕಡೆ ಬೇರು ಹಿಡಿದು ಏರಬೇಕು. ಒದ್ದೆ ಬಂಡೆಯ ಮೇಲಿನ ಪಾಚಿ ಎಣ್ಣೆ ಸವರಿದ ಕಾವಲಿಯ ಹಾಗೆ ಜಾರುತ್ತಿತ್ತು. ಹವಾಯಿ ಚಪ್ಪಲಿ ಹಾಕಿಕೊಂಡು ಹೋದ ನಾನು ಎರಡು ಸಲ ಕೂತೆ. ತೇವದ ಎಲೆಗಳ ನಡುವೆ ಉಂಬಳ ಬೇರೆ. ಟೀಚರಮ್ಮ ತಂದಿದ್ದ ಉಪ್ಪಿನ ಪೊಟ್ಟಣ ಒತ್ತಿದ ಕೂಡಲೇ ಅವು ಉದುರಿದವು. ಏದುಸಿರು ಬಿಡುತ್ತಾ, ಒಬ್ಬರ ಕೈ ಒಬ್ಬರು ಹಿಡಿದುಕೊಂಡು, ನಗುತ್ತಾ ಹತ್ತಿದೆವು. ನನ್ನ ಓರಗಿತ್ತಿ ಅಷ್ಟು ಜೋರಾಗಿ ನಗುವುದನ್ನು ನಾನು ಹದಿನಾರು ವರ್ಷದಲ್ಲಿ ಕೇಳಿರಲಿಲ್ಲ.

ಮೇಲೆ ಸ್ವಲ್ಪ ಸಮತಟ್ಟಾದ ಬಂಡೆ ಸಿಕ್ಕಿತು. ಬುತ್ತಿ ಬಿಚ್ಚಿದೆವು. ಅಲ್ಲೇ ನಾವು ಎಡವಿದ್ದು. ಕಾರಿನಲ್ಲಿ ಬಂದಿದ್ದ ನಾಲ್ಕೈದು ಹುಡುಗರು ಎರಡು ದೊಡ್ಡ ನಾಯಿಗಳನ್ನು ಕೊರಳಿಗೆ ಹಗ್ಗವಿಲ್ಲದೆ ಬಿಟ್ಟುಕೊಂಡು ಹತ್ತಿ ಬರುತ್ತಿದ್ದರು. ನಮ್ಮ ಕಡೆ ತೋಟದ ನಾಯಿಯನ್ನು ಹಗಲು ಕಟ್ಟಿ ರಾತ್ರಿ ಬಿಡುತ್ತೇವೆ. ದಾರಿಯಲ್ಲಿ ಜನ ಓಡಾಡುವಾಗ ನಾಯಿ ಬಿಟ್ಟರೆ ಊರವರು ಸುಮ್ಮನಿರುತ್ತಾರೆಯೇ? ಇಲ್ಲಿ ಕೇಳುವವರು ಯಾರು? ರೊಟ್ಟಿಯ ವಾಸನೆಗೆ ಎರಡೂ ನುಗ್ಗಿದವು. “ಏನೂ ಮಾಡಲ್ಲ ಆಂಟಿ, ಆಟ ಆಡ್ತವೆ ಅಷ್ಟೇ!” ಎಂದು ಕೆಳಗಿನಿಂದ ಒಬ್ಬ ಕೂಗಿದ. ಅಷ್ಟರಲ್ಲಿ ಓರಗಿತ್ತಿ ಹೆದರಿ ಎದ್ದು ಓಡಿದಳು. ಓಡಿದವರನ್ನು ನಾಯಿ ಬಿಡುತ್ತದೆಯೇ? ಸೆರಗು ಹಿಡಿದು ಎಳೆಯಿತು, ಇವಳು ಬಂಡೆಯ ಮೇಲೆ ಬಿದ್ದಳು. ಹುಡುಗ ಓಡಿಬಂದು ಎಳೆದುಕೊಂಡು ಹೋಗುವಷ್ಟರಲ್ಲಿ ಮೀನಖಂಡದ ಮೇಲೆ ಹಲ್ಲು ಊರಿ ರಕ್ತ ಜಿನುಗುತ್ತಿತ್ತು.

“ಇಂಜೆಕ್ಷನ್ ಹಾಕ್ಸಿದೆ ಆಂಟಿ, ಭಯ ಪಡಬೇಡಿ” ಅಂದ. ಚೀಟಿ ಎಲ್ಲಪ್ಪಾ ಎಂದರೆ ಮನೆಯಲ್ಲಿದೆಯಂತೆ. ತಂಗಿಯ ಮಗಳು ಚುರುಕು, ಅವನ ಫೋನ್ ನಂಬರನ್ನೂ ಕಾರಿನ ನಂಬರನ್ನೂ ಬರೆದುಕೊಂಡಳು. ದೇವಸ್ಥಾನಕ್ಕೆ ಬಂದಿದ್ದ ಒಬ್ಬರು ಸುಣ್ಣ ಹಚ್ಚಿ ಅಂದರು, ಇನ್ನೊಬ್ಬರು ಕಾಫಿಪುಡಿ ಒತ್ತಿ ಅಂದರು. ಟೀಚರಮ್ಮ ಯಾರ ಮಾತೂ ಕೇಳಲಿಲ್ಲ. ಕೆಳಗೆ ಇಳಿಸಿಕೊಂಡು ಬಂದು, ನಲ್ಲಿಯ ಕೆಳಗೆ ಕಾಲಿಡಿಸಿ, ಸ್ನಾನದ ಸೋಪು ಹಚ್ಚಿ ತೊಳೆದರು, ತೊಳೆದರು, ಗಡಿಯಾರ ನೋಡಿಕೊಂಡು 15 ನಿಮಿಷ ತೊಳೆದರು. ಗಾಯದೊಳಗಿನ ವಿಷಾಣು ಹರಿಯುವ ನೀರಿಗೆ, ಸೋಪಿಗೆ ಬಹಳ ಮಟ್ಟಿಗೆ ಹೋಗುತ್ತದಂತೆ. ಸುಣ್ಣ, ಅರಿಶಿನ, ಮೆಣಸಿನಪುಡಿ ಇವೆಲ್ಲ ಗಾಯವನ್ನು ಕೆರಳಿಸುತ್ತವೆಯೇ ಹೊರತು ಏನೂ ಪ್ರಯೋಜನವಿಲ್ಲ.

ಆಗ ನನ್ನ ಓರಗಿತ್ತಿ ನನ್ನ ಕೈ ಹಿಡಿದುಕೊಂಡು ಹೇಳಿದ ಮಾತು ಕೇಳಿ: “ಅಕ್ಕಾ, ಮನೇಲಿ ಹೇಳಬೇಡಿ. ಬಿದ್ದು ತರಚಿತು ಅಂದುಬಿಡಿ. ನಾಯಿ ಕಚ್ಚಿತು ಅಂದ್ರೆ ಇನ್ನು ಜನ್ಮದಲ್ಲಿ ನಮ್ಮನ್ನ ಎಲ್ಲಿಗೂ ಕಳಿಸಲ್ಲ.”

ಕಚ್ಚಿದ ನೋವಿಗಿಂತ ಅದೇ ಭಯ ಅವಳಿಗೆ ಹೆಚ್ಚಾಗಿತ್ತು. ನನಗೂ ಅಷ್ಟೇ. ಇಷ್ಟು ವರ್ಷಕ್ಕೆ ಒಂದು ದಿನ ಸಿಕ್ಕಿತ್ತು, ಆ ಬಾಗಿಲು ಮುಚ್ಚಿಹೋಗುತ್ತದಲ್ಲಾ ಅಂತ. “ಆಯ್ತು ಬಿಡೇ, ಹೇಳಲ್ಲ” ಎಂದುಬಿಟ್ಟೆ. ದೊಡ್ಡವಳಾಗಿ ನಾನು ಹಾಗೆ ಹೇಳಬಾರದಿತ್ತು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಟೀಚರಮ್ಮ ಮೆಲ್ಲಗೆ ಹೇಳಿದರು: “ನೋಡಿ, ಹುಚ್ಚುನಾಯಿ ರೋಗ ಬಂದಮೇಲೆ ಮದ್ದಿಲ್ಲ. ಬರೋಕೆ ಮುಂಚೆ ಮಾತ್ರ ಮದ್ದು. ಇವಳಿಗೆ ಇಬ್ಬರು ಸಣ್ಣ ಮಕ್ಕಳು. ನಿಮ್ಮ ಪ್ರವಾಸ ದೊಡ್ಡದೋ ಅವಳ ಜೀವ ದೊಡ್ಡದೋ?” ನನಗೆ ಮುಖ ಎತ್ತಲಾಗಲಿಲ್ಲ. ತಿಪಟೂರಿನಲ್ಲಿ ಇಳಿದವರೇ ಸರ್ಕಾರಿ ಆಸ್ಪತ್ರೆಗೆ ಹೋದೆವು.

ಡಾಕ್ಟರು ಗಾಯ ನೋಡಿ, ರಕ್ತ ಬಂದಿರುವುದರಿಂದ ಲಸಿಕೆಯ ಜೊತೆಗೆ ಗಾಯದ ಸುತ್ತಲೂ ಇನ್ನೊಂದು ಚುಚ್ಚುಮದ್ದು ಬೇಕು ಎಂದರು. ಅದು ಇಮ್ಯುನೊಗ್ಲಾಬ್ಯುಲಿನ್. ಲಸಿಕೆ ಕೆಲಸ ಶುರು ಮಾಡಲು ಕೆಲವು ದಿನ ಹಿಡಿಯುತ್ತದೆ, ಅಲ್ಲಿಯವರೆಗೆ ಇದು ಕಾಯುತ್ತದಂತೆ. ಹಿಂದಿನಂತೆ ಹೊಕ್ಕುಳ ಸುತ್ತ 14 ಚುಚ್ಚಿಸಿಕೊಳ್ಳುವ ಕಾಲ ಹೋಯಿತು. ಈಗ ತೋಳಿಗೆ. ಚರ್ಮದೊಳಗೆ ಕೊಡುವ ಕ್ರಮದಲ್ಲಿ ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ. ಮಾಂಸಖಂಡಕ್ಕೆ ಕೊಡುವುದಾದರೆ 14ನೇ ದಿನವೂ ಒಂದು. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ಹಣವಿಲ್ಲ. ಸಾಕಿದ ನಾಯಿಯಾದರೆ 10 ದಿನ ಅದರ ಮೇಲೆ ಕಣ್ಣಿಡಬೇಕು, ಆದರೆ ಆ 10 ದಿನ ಕಳೆಯಲಿ ಎಂದು ಲಸಿಕೆ ತಡಮಾಡಬಾರದು. ಪ್ಯಾರಿಸ್ಸಿನ ಲೂಯಿ ಪಾಶ್ಚರ್ ಎಂಬ ವಿಜ್ಞಾನಿ 1885ರಲ್ಲಿ ನಾಯಿ ಕಚ್ಚಿದ ಒಬ್ಬ ಹುಡುಗನಿಗೆ ಮೊದಲ ಸಲ ಈ ಲಸಿಕೆ ಕೊಟ್ಟು ಉಳಿಸಿದ್ದನ್ನು ನಾನು ಹೈಸ್ಕೂಲಿನಲ್ಲಿ ಓದಿದ್ದೆ. ಪರೀಕ್ಷೆಗೆ ಓದಿದ್ದು, ಬೇಕಾದ ದಿನ ನೆನಪಾಗಲಿಲ್ಲ!

ಇನ್ನು ಮೂರು ಸಲ ಆಸ್ಪತ್ರೆಗೆ ಹೋಗಬೇಕಾದ್ದನ್ನು ಮನೆಯಲ್ಲಿ ಮುಚ್ಚಿಡುವುದು ಹೇಗೆ? ನಾನೇ ಹೇಳಿದೆ. ಗಂಡಸರು ಮುಖ ಗಂಟಿಕ್ಕಿಕೊಂಡರು. ಅತ್ತೆ “ಬೇಕಾಗಿತ್ತಾ ಇದು?” ಎಂದು ಬೈದರು. ಬೈಸಿಕೊಂಡೆವು. ರಾತ್ರಿ ಎಲ್ಲರೂ ಮಲಗಿದ ಮೇಲೆ ಅತ್ತೆ ನನ್ನ ಪಕ್ಕ ಬಂದು ಕೂತು, ತಮ್ಮ ತವರಿನ ಕೇರಿಯ ಒಬ್ಬ ಹುಡುಗನ ಕಥೆ ಹೇಳಿದರು. ನಾಯಿಮರಿ ಕಚ್ಚಿದ್ದನ್ನು ಅಪ್ಪ ಹೊಡೆಯುತ್ತಾನೆಂದು ಹೇಳಿರಲಿಲ್ಲವಂತೆ. ಎರಡು ತಿಂಗಳ ಮೇಲೆ ನೀರು ಕಂಡರೆ ನಡುಗಿ, ಹಾಗೇ ಹೋದನಂತೆ. “ಬೈಯೋದು ಬೈತೀವಿ, ಹೇಳೋದು ಹೇಳ್ಬೇಕು ಕಣಮ್ಮ” ಎಂದರು. ಮೂರನೇ ದಿನ ಸೊಸೆಯನ್ನು ತಾವೇ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಆದ್ದರಿಂದ ಸೋದರಿಯರೇ, ನೀವು ಇಂಥ ಕಡೆ ಹೊರಟರೆ ಕೆಲವು ಮಾತು ನೆನಪಿರಲಿ. ಹಿಂದೆ ಪಟ್ಟಿ ಇರುವ, ಹಿಡಿತದ ಅಟ್ಟೆಯ ಚಪ್ಪಲಿಯೋ ಬೂಟೋ ಹಾಕಿಕೊಳ್ಳಿ. ಸೀರೆಯಾದರೆ ಸೆರಗು ಸಿಕ್ಕಿಸಿ. ಉಪ್ಪು, ಒಂದು ಸೋಪು, ಒಂದು ಬಾಟಲಿ ನೀರು ಜೊತೆಯಲ್ಲಿರಲಿ. ಬುತ್ತಿಯನ್ನು ಮುಚ್ಚಳದ ಡಬ್ಬಿಯಲ್ಲಿ ಒಯ್ದು, ನಾಯಿ ಕೋತಿ ಇಲ್ಲದ ಕಡೆ ಬಿಚ್ಚಿ. ನಾಯಿ ನುಗ್ಗಿದರೆ ಓಡಬೇಡಿ, ಕಿರುಚಬೇಡಿ, ಅದರ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಕೈ ಇಳಿಬಿಟ್ಟು ಅಲ್ಲಾಡದೆ ನಿಂತು, ಚೀಲವನ್ನು ಮಧ್ಯೆ ಹಿಡಿದು, ನಿಧಾನವಾಗಿ ಹಿಂದೆ ಸರಿಯಿರಿ. ಬಿದ್ದರೆ ಮುದುಡಿ, ಕುತ್ತಿಗೆ ಕಿವಿ ಮುಚ್ಚಿಕೊಳ್ಳಿ.

ನಾಯಿ ಸಾಕಿದ ಮಕ್ಕಳು ಮನೆಯಲ್ಲಿದ್ದರೆ ಅವರಿಗೂ ಹೇಳಿ. ‘ಏನೂ ಮಾಡಲ್ಲ’ ಎನ್ನುವುದು ನಿಮಗೆ ಗೊತ್ತು, ಎದುರಿಗಿರುವವರಿಗೆ ಹೇಗೆ ಗೊತ್ತಾಗಬೇಕು? ಸಾಕಿದ ಪ್ರಾಣಿಯನ್ನು ಹಿಡಿತದಲ್ಲಿಡದೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ 6 ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಮೇಲಾಗಿ ಆ ಬೆಟ್ಟಸಾಲಿನಲ್ಲೇ ಭದ್ರಾ ಹುಲಿ ಸಂರಕ್ಷಿತ ಪ್ರದೇಶವಿದೆ. ನಾಯಿಯಿಂದ ಕಾಡುಪ್ರಾಣಿಗಳಿಗೂ ರೋಗ ಹರಡುತ್ತದೆ.

28ನೇ ದಿನದ ಚುಚ್ಚುಮದ್ದು ಮುಗಿಸಿಕೊಂಡು ಬರುವಾಗ ಹೊನ್ನವಳ್ಳಿ ಬಸ್ಸಿನಲ್ಲಿ ಅತ್ತೆ ಇದ್ದಕ್ಕಿದ್ದಂತೆ ಕೇಳಿದರು: “ಆ ವೀರಭದ್ರಸ್ವಾಮಿ ಗುಡಿವರೆಗೆ ಆಟೋ ಹೋಗುತ್ತೇನ್ರೇ?”

ಓರಗಿತ್ತಿ ನನ್ನ ಮುಖ ನೋಡಿದಳು. “ಹೋಗುತ್ತೆ ಅತ್ತೆ, ಬಂಡೆ ಹತ್ತೋದು ನಾವು ಮಾತ್ರ. ನೀವು ಕೆಳಗೆ ಕೂತು ಬುತ್ತಿ ಕಾಯಿರಿ” ಅಂದಳು.

“ಕೋಲು ತರ್ತೀನಿ” ಎಂದರು ಅತ್ತೆ. ಮಳೆ ಮುಗಿಯಲಿ ಎಂದು ಕಾಯುತ್ತಿದ್ದೇವೆ.